ಎಲೆಮರೆಯ ಕಾಯಿಗೆ ಎಲೆ ಹೊದಿಸಿದವರು ಯಾರು?

ಏಪ್ರಿಲ್ ಕೊನೆಯ ವಾರ ಬಂತೆಂದರೆ ಅಮೆರಿಕದ ಟೀವಿ ವಾಹಿನಿಗಳು ಒಂದು ಹಳೆಯ ಕಥೆಯನ್ನು ಹೊಸ ಉತ್ಸಾಹದಿಂದ ಹೇಳತೊಡಗುತ್ತವೆ. 2000ನೇ ಇಸವಿಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ ಎಂಬ ಆಟಗಾರನನ್ನು ಎಲ್ಲರೂ ಕಡೆಗಣಿಸಿದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವೊಂದೇ ಆರನೇ ಸುತ್ತಿನಲ್ಲಿ, 199ನೆಯವರಾಗಿ ಅವರನ್ನು ಆರಿಸಿಕೊಂಡಿತು. ಮುಂದೆ ಅವರು ಏಳು ಸೂಪರ್ ಬೌಲ್ ಗೆದ್ದರು. ಕಥೆಯ ನೀತಿಯೂ ಸಿದ್ಧವಾಗಿಯೇ ಇರುತ್ತದೆ: ಎಲೆಮರೆಯ ಕಾಯಿಯನ್ನು ಕಾಣಲು ಪಳಗಿದ ಕಣ್ಣು ಬೇಕು, ಅಂಥ ಕಣ್ಣುಳ್ಳವರು ಕೆಲವರಿದ್ದಾರೆ.

ಕಥೆಯ ಘಟನೆಗಳಲ್ಲಿ ತಪ್ಪಿಲ್ಲ, ನೀತಿ ಮಾತ್ರ ಸುಳ್ಳು. ಈ ಸುಳ್ಳಿನಿಂದ ಲಾಭ ಪಡೆಯುತ್ತಿರುವವರು ತಂಡದ ಮಾಲೀಕರು, ಅದರ ಬೆಲೆ ತೆರುತ್ತಿರುವವರು ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರು. ಡ್ರಾಫ್ಟ್‌ನ ಕೊನೆಯ ಸುತ್ತುಗಳಲ್ಲಿ ನಡೆಯುವುದನ್ನು 'ಮೌಲ್ಯಮಾಪನ' ಎಂದು ಕರೆಯುವುದನ್ನು ನಿಲ್ಲಿಸಬೇಕು, ಆ ಸುತ್ತುಗಳನ್ನೇ ರದ್ದು ಮಾಡಬೇಕು ಎಂಬುದು ನನ್ನ ವಾದ.

ಈ ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಇದು ನಾವು ಫುಟ್‌ಬಾಲ್ ಎನ್ನುವ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಗೆ ಮೈ ಡಿಕ್ಕಿ ಹೊಡೆಯುವ ಅಮೆರಿಕದ ಆಟ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜು ತಂಡಗಳಲ್ಲಿ ಆಡಿ ಬರುವ ಹುಡುಗರನ್ನು ಈ 32 ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹಂಚಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಒಟ್ಟು ಏಳು ಸುತ್ತು, ಮೂರು ದಿನ, ಸುಮಾರು 260 ಹೆಸರು. ಇದೇ ಡ್ರಾಫ್ಟ್. ಐಪಿಎಲ್ ಹರಾಜು ನೋಡಿದವರು ಇದನ್ನೂ ಹಾಗೆಯೇ ಅಂದುಕೊಳ್ಳಬಹುದು, ಆದರೆ ವ್ಯತ್ಯಾಸ ದೊಡ್ಡದು. ಹರಾಜಿನಲ್ಲಿ ಇಬ್ಬರು ಕೂಗಿದರೆ ಬೆಲೆ ಏರುತ್ತದೆ. ಡ್ರಾಫ್ಟ್‌ನಲ್ಲಿ ಕೂಗುವುದೇ ಇಲ್ಲ. ಒಂದು ತಂಡ ಹೆಸರು ಹೇಳಿತೆಂದರೆ ಆ ಹುಡುಗ ಆ ತಂಡದ ಜೊತೆ ಮಾತ್ರ ಮಾತಾಡಬೇಕು, ಸಂಬಳವೂ ಅವನ ಕ್ರಮಸಂಖ್ಯೆಗೆ ತಕ್ಕಂತೆ ಬಹುಪಾಲು ಮೊದಲೇ ಗೊತ್ತಾಗಿರುತ್ತದೆ. 1936ರಲ್ಲಿ ಈ ಪದ್ಧತಿ ಶುರುವಾಗಿದ್ದೇ ಆಟಗಾರರಿಗಾಗಿ ತಂಡಗಳು ಪೈಪೋಟಿ ನಡೆಸಿ ಬೆಲೆ ಏರಿಸುವುದನ್ನು ತಪ್ಪಿಸಲು.

ಮೊದಲೆರಡು ದಿನ ಮೂರು ಸುತ್ತು ಮುಗಿಯುತ್ತವೆ. ಮೂರನೆಯ ದಿನ, ಶನಿವಾರ, ನಾಲ್ಕರಿಂದ ಏಳರವರೆಗಿನ ಸುತ್ತುಗಳು. ಏಳನೇ ಸುತ್ತಿನಲ್ಲಿ ಒಂದು ತಂಡಕ್ಕೆ ಯೋಚಿಸಲು ಸಿಗುವುದು 4 ನಿಮಿಷ. ಅದರ ಹಿಂದೆ ತಿಂಗಳುಗಟ್ಟಲೆಯ ಕೆಲಸ ಇರುತ್ತದೆ, ಒಪ್ಪುತ್ತೇನೆ. ತಂಡಗಳ ಸ್ಕೌಟ್‌ಗಳು ಊರೂರು ಸುತ್ತಿ ಕಾಲೇಜು ಪಂದ್ಯ ನೋಡುತ್ತಾರೆ, ವಿಡಿಯೋ ನೋಡುತ್ತಾರೆ, ಕೋಚ್‌ಗಳನ್ನು ಮಾತಾಡಿಸುತ್ತಾರೆ. ಪ್ರತಿವರ್ಷ ಇಂಡಿಯಾನಾಪೊಲಿಸ್‌ನಲ್ಲಿ 'ಕಂಬೈನ್' ಎಂಬ ಪರೀಕ್ಷೆ ನಡೆಯುತ್ತದೆ. ಮುನ್ನೂರಕ್ಕೂ ಹೆಚ್ಚು ಹುಡುಗರ ಎತ್ತರ, ತೂಕ, ಅಂಗೈ ಅಗಲ, ತೋಳಿನ ಉದ್ದ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. 225 ಪೌಂಡ್ ಭಾರ ಎಷ್ಟು ಸಲ ಎತ್ತುತ್ತಾನೆ ಎಂದು ಎಣಿಸುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಉಪಕರಣಗಳದ್ದು ಮಾತ್ರ. ಆ ಕಂಬೈನ್‌ನಲ್ಲಿ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡರು. ಅವರು ನಿಧಾನಿ ಎಂಬುದನ್ನು ಅಳತೆ ಸರಿಯಾಗಿಯೇ ಹೇಳಿತು. ಅವರು ಏನಾಗಬಲ್ಲರು ಎಂಬುದರ ಬಗ್ಗೆ ಅದು ಏನೂ ಹೇಳಲಿಲ್ಲ.

ಈಗ ಪೇಟ್ರಿಯಟ್ಸ್ ತಂಡದ 'ಪಳಗಿದ ಕಣ್ಣಿನ' ಲೆಕ್ಕ ನೋಡೋಣ. 2000ನೇ ಇಸವಿಯ ಡ್ರಾಫ್ಟ್‌ನಲ್ಲಿ ಆ ತಂಡ ಬ್ರೇಡಿಯವರಿಗಿಂತ ಮೊದಲು ಬೇರೆ ಆರು ಮಂದಿಯನ್ನು ಆರಿಸಿಕೊಂಡಿತು. ಆರು ಸಲ ಅವರ ಹೆಸರು ಮುಂದಿದ್ದಾಗಲೂ ಬೇರೆಯವರೇ ಮೇಲೆಂದು ತೀರ್ಮಾನಿಸಿತು. ಇವರು ಏಳು ಸೂಪರ್ ಬೌಲ್ ಗೆಲ್ಲುವವರು ಎಂಬ ಸುಳಿವು ಕಿಂಚಿತ್ತಾದರೂ ಇದ್ದಿದ್ದರೆ ಯಾವ ಮೂರ್ಖ ತಾನೇ 198 ಜನ ಹೋಗುವವರೆಗೆ ಕಾಯುತ್ತಿದ್ದ? ಉಳಿದ ತಂಡಗಳು ಬ್ರೇಡಿಯವರನ್ನು ಕೈಬಿಟ್ಟದ್ದು ದಡ್ಡತನವಾದರೆ ಪೇಟ್ರಿಯಟ್ಸ್ ಅದೇ ದಡ್ಡತನವನ್ನು ಆರು ಬಾರಿ ಮಾಡಿತು.

ಬ್ರೇಡಿಯವರದು ಇಪ್ಪತ್ತೈದು ವರ್ಷ ಹಳೆಯ ಮಾತು, ಈಗ ದತ್ತಾಂಶ ಬಂದಿದೆ, ಎಲ್ಲ ವೈಜ್ಞಾನಿಕವಾಗಿದೆ ಎನ್ನುತ್ತೀರಾ? 2022ಕ್ಕೆ ಬನ್ನಿ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಟ ನಡೆಸುವ ಚೆಂಡೆಸೆತಗಾರ, ಬ್ರಾಕ್ ಪರ್ಡಿ ಆ ವರ್ಷದ ಕೊಟ್ಟಕೊನೆಯ, 262ನೆಯ ಆಯ್ಕೆ. ಆರಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್. ಕೊನೆಯ ಆಟಗಾರನಿಗೆ 'ಮಿಸ್ಟರ್ ಇರ್ರೆಲೆವೆಂಟ್', ಅಂದರೆ ಲೆಕ್ಕಕ್ಕಿಲ್ಲದ ಮಹಾಶಯ, ಎಂದು ಬಿರುದು ಕೊಟ್ಟು, ಚೆಂಡು ಕೈಜಾರುತ್ತಿರುವ ಆಟಗಾರನ ಮೂರ್ತಿಯುಳ್ಳ ಪಾರಿತೋಷಕ ಕೊಡುವ ತಮಾಷೆ 1976ರಿಂದ ನಡೆದುಬಂದಿದೆ. ಪರ್ಡಿ ಎರಡನೆಯ ವರ್ಷಕ್ಕೇ ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದರು. ಮತ್ತೆ ಅದೇ ಜಯಘೋಷ: ಎಂಥ ಕಣ್ಣು! ಇಲ್ಲೂ ಲೆಕ್ಕ ಅದೇ. ಆ ವರ್ಷ ಫಾರ್ಟಿನೈನರ್ಸ್ ಪರ್ಡಿಯವರಿಗಿಂತ ಮೊದಲು ಎಂಟು ಮಂದಿಯನ್ನು ಆರಿಸಿತ್ತು. ಅದಕ್ಕೂ ಹಿಂದಿನ ವರ್ಷ ಇದೇ ತಂಡ ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ ಮೂರು ವರ್ಷಗಳ ಮೊದಲ ಸುತ್ತಿನ ಹಕ್ಕನ್ನೇ ಬಿಟ್ಟುಕೊಟ್ಟು 3ನೇ ಸ್ಥಾನಕ್ಕೆ ಏರಿತ್ತು. ಲ್ಯಾನ್ಸ್ ಅಲ್ಲಿ ಆರಂಭಿಕ ಆಟಗಾರನಾಗಿ ಇಳಿದದ್ದು ನಾಲ್ಕೇ ಪಂದ್ಯ. 2023ರಲ್ಲಿ ಡಲ್ಲಾಸ್ ತಂಡಕ್ಕೆ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಸಾಗಹಾಕಿದರು. ಅದೇ ಕಣ್ಣು, ಅದೇ ಕೊಠಡಿ, ಅದೇ ಜನ. ಒಂದನ್ನು ದುರದೃಷ್ಟ ಎನ್ನುವವರು ಇನ್ನೊಂದನ್ನು ಜಾಣ್ಮೆ ಎನ್ನುವುದು ಹೇಗೆ? ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಈ ಕಥೆಗಳಲ್ಲಿ ಯಾರೂ ಒತ್ತಿ ಹೇಳದ ಇನ್ನೊಂದು ಸಂಗತಿ ಇದೆ. 2001ರ ಸೆಪ್ಟೆಂಬರ್‌ನಲ್ಲಿ ಪೇಟ್ರಿಯಟ್ಸ್‌ನ ಡ್ರೂ ಬ್ಲೆಡ್ಸೋ ಎದುರಾಳಿಯ ಡಿಕ್ಕಿಗೆ ಗಂಭೀರವಾಗಿ ಗಾಯಗೊಂಡರು, ಅದಕ್ಕೇ ಬ್ರೇಡಿಯವರಿಗೆ ಆಡಲು ಸಿಕ್ಕಿತು. 2022ರಲ್ಲಿ ಲ್ಯಾನ್ಸ್ ಅವರ ಪಾದದ ಗಿಣ್ಣು ಮುರಿಯಿತು, ಡಿಸೆಂಬರ್‌ನಲ್ಲಿ ಜಿಮ್ಮಿ ಗರಪೊಲೋ ಅವರ ಪಾದ ಮುರಿಯಿತು, ಆಮೇಲೆ ಪರ್ಡಿ. ಕರ್ಟ್ ವಾರ್ನರ್ ಅವರನ್ನಂತೂ 1994ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲೇ ಇಲ್ಲ. ಅವರು ಅಯೋವಾದ ದಿನಸಿ ಅಂಗಡಿಯೊಂದರಲ್ಲಿ ರಾತ್ರಿಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದರು. 1999ರಲ್ಲಿ ಸೇಂಟ್ ಲೂಯಿಸ್‌ನ ಟ್ರೆಂಟ್ ಗ್ರೀನ್ ಮಂಡಿ ಮುರಿದುಕೊಂಡಾಗ ವಾರ್ನರ್ ಒಳಗೆ ಬಂದರು, ಅದೇ ಋತುವಿನಲ್ಲಿ ಸೂಪರ್ ಬೌಲ್ ಗೆದ್ದರು. ಮೂರು ಪ್ರಸಿದ್ಧ ಕಥೆ, ಮೂರರಲ್ಲೂ ಮುಂದಿದ್ದವನ ಮೂಳೆಯೋ ಮಂಡಿಯೋ ಒಡಲೋ ಪೆಟ್ಟು ತಿಂದ ಮೇಲೆಯೇ ಹಿಂದಿದ್ದವನು ಕಣ್ಣಿಗೆ ಬಿದ್ದದ್ದು. ಪ್ರತಿಭೆಯನ್ನು ಕಂಡುಹಿಡಿದದ್ದು ಸ್ಕೌಟ್ ಅಲ್ಲ, ಅಪಘಾತ. ಹಾಗಾದರೆ ಮುಂದಿದ್ದವನಿಗೆ ಏನೂ ಆಗದೆ, ಆಡುವ ಅವಕಾಶ ಒಂದು ಸಲವೂ ಸಿಗದೆ ಮನೆಗೆ ಹೋದ ಆರನೇ ಸುತ್ತಿನ ಹುಡುಗರೆಷ್ಟು? ಅವರ ಬಗ್ಗೆ ಸಾಕ್ಷ್ಯಚಿತ್ರಗಳಿಲ್ಲ. ಅವರು ಆಡಲಿಲ್ಲವಾದ್ದರಿಂದ ಅವರ ಮೌಲ್ಯಮಾಪನ 'ಸರಿಯಾಗಿತ್ತು' ಎಂದೇ ದಾಖಲಾಗುತ್ತದೆ. ತಾನೇ ಬಾಗಿಲು ಹಾಕಿ, ಯಾರೂ ಒಳಗೆ ಬರಲಿಲ್ಲವಲ್ಲ ಎಂದು ಸಾಕ್ಷಿ ಹೇಳುವ ಪರೀಕ್ಷೆ ಇದು.

ಆಯ್ಕೆಪಟ್ಟಿಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ಓದುವುದೇ ನನ್ನ ಪಿಎಚ್‌ಡಿ ಕೆಲಸವಾದ್ದರಿಂದ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು) ಎನ್‌ಎಫ್‌ಎಲ್ ಡ್ರಾಫ್ಟ್ ಬಗ್ಗೆ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರು ಕೇಳಿಕೊಂಡ ಪ್ರಶ್ನೆಗಳಲ್ಲಿ ಒಂದು ಬಹಳ ಸರಳ: ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಡ್ರಾಫ್ಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದರೆ, ಮುಂದೆ ಆಯ್ಕೆಯಾದವನು ನಿಜಕ್ಕೂ ಉತ್ತಮನಾಗುವುದು ಎಷ್ಟು ಸಲ? ಉತ್ತರ: ನೂರಕ್ಕೆ ಸುಮಾರು 52 ಸಲ. ನಾಣ್ಯ ಚಿಮ್ಮಿದರೆ 50. ಇಷ್ಟೆಲ್ಲ ಸ್ಕೌಟ್, ವಿಮಾನ, ವಿಡಿಯೋ, ಅಳತೆಪಟ್ಟಿ ಸೇರಿ ನಾಣ್ಯಕ್ಕಿಂತ ಎರಡು ಹೆಜ್ಜೆ ಮುಂದೆ. ಅದೂ ಎಲ್ಲ ಸುತ್ತು ಸೇರಿಸಿದಾಗ. ಮೊದಲ ಸುತ್ತಿನವರು ಒಟ್ಟಾರೆಯಾಗಿ ಏಳನೇ ಸುತ್ತಿನವರಿಗಿಂತ ಮೇಲೆಂಬುದು ನಿಜ. ಆದರೆ 180ನೆಯವನಿಗೂ 210ನೆಯವನಿಗೂ ನಡುವೆ ಗೆರೆ ಎಳೆದು ಅದನ್ನು ಜ್ಞಾನ ಎನ್ನುವವರಿಗೂ ಜಾತ್ರೆಯ ಗಿಣಿಶಾಸ್ತ್ರದವನಿಗೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ. ಗಿಣಿಯಾದರೂ ತಾನೆತ್ತಿದ ಚೀಟಿಯ ಬಗ್ಗೆ ಪತ್ರಿಕಾಗೋಷ್ಠಿ ನಡೆಸುವುದಿಲ್ಲ.

ಗೊತ್ತಿಲ್ಲದಿರುವುದು ಅಪರಾಧವಲ್ಲ. ಇಪ್ಪತ್ತೊಂದರ ಹುಡುಗ ಇಪ್ಪತ್ತೇಳಕ್ಕೆ ಏನಾಗುತ್ತಾನೆಂದು ಯಾರಿಗೂ ಗೊತ್ತಾಗದು. ಅಪರಾಧ ಇರುವುದು ಗೊತ್ತಿಲ್ಲದ್ದಕ್ಕೆ ಒಂದು ಸಂಖ್ಯೆ ಅಂಟಿಸಿ, ಆ ಸಂಖ್ಯೆಯನ್ನು ಸತ್ಯವೆಂದು ನಡೆಸಿಕೊಂಡು ಹೋಗುವುದರಲ್ಲಿ. ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ ಎಂಬ ಸಂಶೋಧಕರು 1995ರಲ್ಲಿ ಬಾಸ್ಕೆಟ್‌ಬಾಲ್‌ನ ಎನ್‌ಬಿಎ ಲೀಗ್ ಕುರಿತು ತೋರಿಸಿದ್ದು ಇದನ್ನೇ. ಅಂಕಣದಲ್ಲಿ ಆಟ ಒಂದೇ ಮಟ್ಟದ್ದಾಗಿದ್ದರೂ ಡ್ರಾಫ್ಟ್‌ನಲ್ಲಿ ಮೇಲೆ ಆಯ್ಕೆಯಾದವರಿಗೆ ಹೆಚ್ಚು ನಿಮಿಷ ಆಡಲು ಸಿಗುತ್ತಿತ್ತು, ಅವರು ಹೆಚ್ಚು ವರ್ಷ ಲೀಗ್‌ನಲ್ಲಿ ಉಳಿಯುತ್ತಿದ್ದರು. ದುಡ್ಡು ಸುರಿದ ಮೇಲೆ ತಪ್ಪು ಒಪ್ಪಿಕೊಳ್ಳಲು ಮನಸ್ಸು ಬಾರದು. ಫುಟ್‌ಬಾಲ್ ತರಬೇತಿ ಶಿಬಿರದಲ್ಲಿ ಒಂದೊಂದು ತಂಡಕ್ಕೆ 90 ಆಟಗಾರರಿರುತ್ತಾರೆ, ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು. ಅಂದರೆ ಲೀಗ್ ಒಟ್ಟಾರೆ ಸಾವಿರಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ಹೊರಗೆ. ಎರಡನೇ ಸುತ್ತಿನವನು ಎಡವಿದರೆ 'ಕಲಿಯುತ್ತಿದ್ದಾನೆ', ಏಳನೇ ಸುತ್ತಿನವನು ಎಡವಿದರೆ 'ಗೊತ್ತಿದ್ದದ್ದೇ'.

ಇನ್ನು ಆ ಎಲೆಯ ವಿಚಾರ. ಕಾಯಿ ಎಲೆಯ ಮರೆಗೆ ತಾನಾಗಿ ಹೋಗಿ ಕೂತಿತ್ತು ಎನ್ನುವಂತೆ ಇವರು ಮಾತಾಡುತ್ತಾರೆ. ವಾರೆನ್ ಮೂನ್ ಅವರನ್ನು ನೆನಪಿಸಿಕೊಳ್ಳಿ. 1978ರ ಜನವರಿ 2ರಂದು ರೋಸ್ ಬೌಲ್ ಎಂಬ ದೊಡ್ಡ ಕಾಲೇಜು ಪಂದ್ಯದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ಅವರು. ಇಡೀ ದೇಶ ನೋಡಿದ ಆಟ. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಆಗ ಇದ್ದ 12 ಸುತ್ತುಗಳಲ್ಲಿ ಒಂದರಲ್ಲೂ ಅವರ ಹೆಸರು ಬರಲಿಲ್ಲ. ಮೂನ್ ಕಪ್ಪುವರ್ಣೀಯರು, ಕಪ್ಪುವರ್ಣೀಯರು ಓಡಬಲ್ಲರು, ಆದರೆ ತಂಡದ ಆಟ ನಡೆಸುವ ಬುದ್ಧಿಯ ಕೆಲಸ ಅವರದಲ್ಲ ಎಂಬ ನಂಬಿಕೆ ಆ ಕಾಲದ ಆಯ್ಕೆ ಕೊಠಡಿಗಳಲ್ಲಿ ಗಟ್ಟಿಯಾಗಿತ್ತು. ಮೂನ್ ಕೆನಡಾಕ್ಕೆ ಹೋದರು, ಎಡ್ಮಂಟನ್ ತಂಡದಲ್ಲಿದ್ದು ಸತತ ಐದು ಗ್ರೇ ಕಪ್ ಗೆದ್ದರು, ಆಮೇಲೆ ಎನ್‌ಎಫ್‌ಎಲ್‌ಗೆ ಬಂದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಇದನ್ನು ಅಡಗಿದ್ದ ಪ್ರತಿಭೆ ಎನ್ನಬೇಕೆ? ಅಡಗಿಸಿದ ಪ್ರತಿಭೆ ಎನ್ನಬೇಕೆ? ಇಂದು ಆ ಪೂರ್ವಗ್ರಹವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎರಡಂಗುಲ ಕಡಿಮೆ ಎತ್ತರ, ಹೆಸರಿಲ್ಲದ ಕಾಲೇಜು, ಒಂದು ಹಳೆಯ ಮಂಡಿನೋವು, ಒಂದು ವರ್ಷ ಹೆಚ್ಚು ವಯಸ್ಸು, ಹೀಗೆ ಒಂದೊಂದಕ್ಕೂ ಒಂದೊಂದು ಸುತ್ತು ಕೆಳಗೆ ತಳ್ಳುವ ಪದ್ಧತಿ ಮುಂದುವರಿದಿದೆ. ಜೇಸನ್ ಕೆಲ್ಸಿ ಅವರ ಸ್ಥಾನಕ್ಕೆ ಬೇಕಾದಷ್ಟು ಮೈತೂಕವಿಲ್ಲ ಎನ್ನುತ್ತಿದ್ದರು. 2011ರ ಆರನೇ ಸುತ್ತಿನ ಆ 191ನೆಯ ಆಯ್ಕೆ ಫಿಲಡೆಲ್ಫಿಯಾದಲ್ಲಿ 13 ಋತು ಆಡಿತು, ಆರು ಬಾರಿ ಲೀಗ್‌ನ ಶ್ರೇಷ್ಠ ಹನ್ನೊಂದರಲ್ಲಿ ನಿಂತಿತು.

ಇಷ್ಟಾದರೂ ಬೆಲೆ ತೆರುವವರು ಹುಡುಗರೇ. ಕೊನೆಯ ಸುತ್ತಿನವನ ಒಪ್ಪಂದ ನಾಲ್ಕು ವರ್ಷದ್ದು. ಸಹಿ ಹಾಕುವಾಗ ಸಿಗುವ ಸ್ವಲ್ಪ ಹಣ ಬಿಟ್ಟರೆ ಖಾತರಿ ಏನೂ ಇಲ್ಲ. ತಂಡ ಯಾವಾಗ ಬೇಕಾದರೂ ಕಳಿಸಬಹುದು, ಹುಡುಗ ಬಿಟ್ಟುಹೋಗುವಂತಿಲ್ಲ. ಚೆನ್ನಾಗಿ ಆಡಿದರೂ ಮೂರು ಋತು ಮುಗಿಯುವವರೆಗೆ ಸಂಬಳದ ಮಾತೆತ್ತುವಂತಿಲ್ಲ. ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದ 2023ರ ಋತುವಿನಲ್ಲಿ ಪರ್ಡಿಯವರ ಮೂಲ ಸಂಬಳ 8,70,000 ಡಾಲರ್. ನಮಗದು ದೊಡ್ಡ ಮೊತ್ತ, ಆದರೆ ಅವರದೇ ಸ್ಥಾನದಲ್ಲಿ ಆಡುವ ಮೇಲ್ಪಂಕ್ತಿಯವರು ವರ್ಷಕ್ಕೆ ಐದು ಕೋಟಿ ಡಾಲರ್ ಎಣಿಸುತ್ತಿದ್ದ ಕಾಲವದು. 2025ರಲ್ಲಿ ಅವರಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಸಿಕ್ಕಿತಲ್ಲ ಎಂದರೆ, ಅದು ನನ್ನ ವಾದಕ್ಕೇ ಪುಷ್ಟಿ: ಅವರ ನಿಜವಾದ ಬೆಲೆಗೂ 262 ಎಂಬ ಸಂಖ್ಯೆಗೂ ಸಂಬಂಧವಿರಲಿಲ್ಲ. ಅಷ್ಟರೊಳಗೆ ಅವರ ಮಂಡಿ ಮುರಿದಿದ್ದರೆ?

ಇನ್ನೂ ವಿಚಿತ್ರ ಕೇಳಿ. 262ನೆಯವನಾಗಿ ಆಯ್ಕೆಯಾಗುವುದಕ್ಕಿಂತ ಆಯ್ಕೆಯೇ ಆಗದೆ ಉಳಿಯುವುದು ಎಷ್ಟೋ ಸಲ ಒಳ್ಳೆಯದು. ಡ್ರಾಫ್ಟ್ ಮುಗಿದ ಕ್ಷಣದಿಂದ ಉಳಿದವರೆಲ್ಲ ಸ್ವತಂತ್ರರು. ಯಾವ ತಂಡ ಕರೆದರೂ ಹೋಗಬಹುದು, ತನ್ನ ಸ್ಥಾನದಲ್ಲಿ ಎಲ್ಲಿ ಜಾಗ ಖಾಲಿ ಇದೆ, ಯಾವ ಕೋಚ್ ತನ್ನನ್ನು ಬಲ್ಲ ಎಂದು ನೋಡಿಕೊಳ್ಳಬಹುದು. 2003ರಲ್ಲಿ ಯಾರೂ ಆರಿಸದ ಟೋನಿ ರೋಮೊ ಡಲ್ಲಾಸ್ ತಂಡಕ್ಕೆ ಹೋದರು. ಅವರು ಓದಿದ ಈಸ್ಟರ್ನ್ ಇಲಿನಾಯ್ ಕಾಲೇಜಿನಲ್ಲೇ ಹಿಂದೆ ಆಡಿದ್ದ ಷಾನ್ ಪೇಟನ್ ಅಲ್ಲಿ ಕೋಚ್‌ಗಳಲ್ಲಿ ಒಬ್ಬರಾಗಿದ್ದರು. ಮುಂದೆ ರೋಮೊ ವರ್ಷಗಟ್ಟಲೆ ಆ ತಂಡದ ಕ್ವಾರ್ಟರ್‌ಬ್ಯಾಕ್ ಆದರು. ಏಳನೇ ಸುತ್ತಿನಲ್ಲಿ ಯಾರಾದರೂ ಹೆಸರು ಕೂಗಿದ್ದರೆ ಈ ಆಯ್ಕೆ ಅವರಿಗೆ ಇರುತ್ತಿರಲಿಲ್ಲ. 'ಗೌರವ' ಎಂದು ಕೊಡುವ ವಸ್ತು ಸ್ವಾತಂತ್ರ್ಯವನ್ನು ಕಸಿದುಕೊಳ್ಳುವುದಾದರೆ ಅದು ಯಾವ ಗೌರವ?

ಸೋತ ತಂಡಗಳು ಮೇಲೇಳಬೇಕಾದರೆ ಡ್ರಾಫ್ಟ್ ಬೇಕು ಎನ್ನುವವರಿದ್ದಾರೆ. ಮೊದಲ ಸುತ್ತುಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಕೊನೆಯ ಸುತ್ತುಗಳಿಗೆ ತಂಡಗಳೇ ಇಟ್ಟ ಬೆಲೆ ನೋಡಿ. 1990ರ ದಶಕದ ಆರಂಭದಲ್ಲಿ ಡಲ್ಲಾಸ್‌ನ ಕೋಚ್ ಜಿಮ್ಮಿ ಜಾನ್ಸನ್ ಬಳಕೆಗೆ ತಂದ, ಆಮೇಲೆ ಲೀಗ್ ತುಂಬ ಹಬ್ಬಿದ ಕೋಷ್ಟಕದಲ್ಲಿ ಮೊದಲ ಆಯ್ಕೆಗೆ 3000 ಅಂಕ. ಏಳನೇ ಸುತ್ತಿನ ತುದಿಗೆ ಬರುವಾಗ ಒಂದೆರಡು ಅಂಕ. ಒಂದೆರಡು ಅಂಕದ ಆಟಗಾರನಿಂದ ಯಾವ ಸಮತೋಲನ ಸಾಧ್ಯ? ತಂಡಗಳನ್ನು ಸರಿತೂಗಿಸುವ ಕೆಲಸವನ್ನು 1994ರಿಂದ ಸಂಬಳದ ಮಿತಿ ಮಾಡುತ್ತಿದೆ. ಕೆಲವು ತಂಡಗಳು ನಿಜಕ್ಕೂ ಜಾಣ, ಬಾಲ್ಟಿಮೋರ್ ನೋಡಿ ಎನ್ನುವವರೂ ಇದ್ದಾರೆ. ಬಾಲ್ಟಿಮೋರ್ ಜಾಣ ತಂಡವೇ. ಅದರ ಜಾಣತನ ಏನೆಂದರೆ, 2022ರಲ್ಲಿ ಅದು ನಾಲ್ಕನೇ ಸುತ್ತೊಂದರಲ್ಲೇ ಆರು ಆಯ್ಕೆಗಳನ್ನು ಕೂಡಿಹಾಕಿಕೊಂಡಿತ್ತು. ಲಾಟರಿ ಎಂದು ಗೊತ್ತಿರುವವನು ಹೆಚ್ಚು ಟಿಕೆಟ್ ಕೊಳ್ಳುತ್ತಾನೆ. ತನಗೆ ಗೊತ್ತಿಲ್ಲ ಎಂದು ಗೊತ್ತಿರುವುದೇ ಅದರ ಜಾಣತನ.

ಸಂಶೋಧನಾ ವಿದ್ಯಾರ್ಥಿಗೆ ಇದರಲ್ಲೇಕೆ ಇಷ್ಟು ಸಿಟ್ಟು ಎಂದು ಕೇಳಬಹುದು. ಫೆಲೋಶಿಪ್ಪುಗಳ ಕಾಯುವ ಪಟ್ಟಿಯಲ್ಲಿ ಹೆಸರಿದ್ದ ಯಾರನ್ನಾದರೂ ಕೇಳಿ. ನಾನೂ ಒಮ್ಮೆ ಅಂಥ ಪಟ್ಟಿಯ ಕೆಳಸಾಲಿನಿಂದ ಒಳಗೆ ಬಂದೆ; ಮೇಲಿದ್ದ ಯಾರೋ ಬೇರೆಡೆಗೆ ಹೋದದ್ದರಿಂದ. ಐದು ವರ್ಷದ ಮೇಲೂ ಕೆಲವರ ಲೆಕ್ಕದಲ್ಲಿ ನಾನು ಆ ಸಂಖ್ಯೆಯೇ. ನನ್ನ ಮೇಲೆ ಮತ್ತು ಕೆಳಗೆ ಇದ್ದವರ ನಡುವಿನ ಅಂತರ ಅರ್ಧ ಅಂಕವೋ ಒಂದು ಅಂಕವೋ. ಆ ಅರ್ಧ ಅಂಕದಲ್ಲಿ ಜ್ಞಾನವಿಲ್ಲ ಎಂದು ಪಟ್ಟಿ ಮಾಡಿದವರಿಗೂ ಗೊತ್ತು. ನನಗೆ ಸಿಟ್ಟು ಬರುವುದು ಪಟ್ಟಿ ಮಾಡಿದ್ದಕ್ಕಲ್ಲ. ಕೆಳಗಿನ ಸಾಲಿನಿಂದ ಯಾರಾದರೂ ಮೇಲೆ ಬಂದರೆ, ಆ ಪಟ್ಟಿ ಮಾಡಿದವರೇ ಹಾರ ಹಾಕಿಸಿಕೊಳ್ಳಲು ಮುಂದೆ ಬಂದು ನಿಲ್ಲುವುದಕ್ಕೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ಡ್ರಾಫ್ಟ್ ನಾಲ್ಕನೇ ಸುತ್ತಿಗೆ ನಿಲ್ಲಲಿ. ಇದೇನೂ ಧರ್ಮಭ್ರಷ್ಟತೆಯಲ್ಲ. ಒಂದು ಕಾಲಕ್ಕೆ 30 ಸುತ್ತುಗಳಿದ್ದವು, ಆಮೇಲೆ 20, 17, 12, 8 ಆಗಿ 1994ರಿಂದ 7ಕ್ಕೆ ಬಂದು ನಿಂತಿದೆ. ಪ್ರತಿಸಲ ಇಳಿಸಿದಾಗಲೂ ಆಟ ಮುಳುಗಲಿಲ್ಲ. ನಾಲ್ಕು ಸುತ್ತು ಮುಗಿದ ಮೇಲೆ ಉಳಿದವರೆಲ್ಲ ತಮಗೆ ಬೇಕಾದ ತಂಡದೊಂದಿಗೆ ಮಾತಾಡಲಿ. ಆಯ್ಕೆಯಾಗದವರಿಗೆ ಸಹಿಹಣವಾಗಿ ಒಂದು ತಂಡ ಒಟ್ಟು ಎಷ್ಟು ಕೊಡಬಹುದು ಎಂಬ ಮಿತಿ ಈಗಲೂ ಇದೆ, ಶಿಬಿರಕ್ಕೆ 90ರ ಮಿತಿಯೂ ಇದೆ. ಶ್ರೀಮಂತ ತಂಡ ಎಲ್ಲರನ್ನೂ ಬಾಚಿಕೊಳ್ಳುತ್ತದೆ ಎಂಬ ಭಯಕ್ಕೆ ಆ ಎರಡು ಸಾಕು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದಾಗಿದೆ. ಕೊನೆಯ ಸುತ್ತಿಗೆ ಹೋಗುವುದಕ್ಕಿಂತ ಕಾಲೇಜಿನಲ್ಲೇ ಇನ್ನೊಂದು ವರ್ಷ ಇರುವುದು ಲಾಭ ಎಂದು ಎಷ್ಟೋ ಹುಡುಗರು ಆಗಲೇ ತೀರ್ಮಾನಿಸುತ್ತಿದ್ದಾರೆ. ಲೀಗ್‌ಗಿಂತ ಮೊದಲು ಅವರಿಗೆ ಲೆಕ್ಕ ಅರ್ಥವಾಗಿದೆ.

ಬ್ರೇಡಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ಮಟೆಯೋದಲ್ಲಿ, ಫಾರ್ಟಿನೈನರ್ಸ್ ಅಭಿಮಾನಿಯಾಗಿ. 2000ರಲ್ಲಿ ಆ ತಂಡಕ್ಕೂ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಅದು ಮೂರನೇ ಸುತ್ತಿನಲ್ಲಿ ಜಿಯೊವಾನಿ ಕಾರ್ಮಾಜಿ ಎಂಬವರನ್ನು ಆರಿಸಿತು. ಕಾರ್ಮಾಜಿ ಲೀಗ್‌ನ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ. ನಾಲ್ಕು ಸುತ್ತಿನ ನಿಯಮವಿದ್ದಿದ್ದರೆ ಬ್ರೇಡಿ ತಮ್ಮೂರಿನ ತಂಡದ ಬಾಗಿಲು ತಟ್ಟುತ್ತಿದ್ದರೋ, ನ್ಯೂ ಇಂಗ್ಲೆಂಡ್‌ಗೇ ಹೋಗುತ್ತಿದ್ದರೋ, ಅದು ಅವರಿಗೆ ಬಿಟ್ಟ ವಿಷಯವಾಗಿರುತ್ತಿತ್ತು. ಯಾವ ತಂಡಕ್ಕೂ ಅವರ ಬೆಲೆ ಗೊತ್ತಿಲ್ಲದಿದ್ದಾಗ ಆ ತೀರ್ಮಾನ ಅವರ ಕೈಯಲ್ಲೇ ಇರಬೇಕಾಗಿತ್ತು.